ಹೊಸ ಅಳಿಯ ಹಿಡಿದುಕೊಟ್ಟ ಜಾಲ

ತೆರಿಗೆ ಇಲಾಖೆಗೆ ಹೊಸದಾಗಿ ಆಯ್ಕೆಯಾದ ಹುಡುಗಿಯೊಬ್ಬಳು ಮೊನ್ನೆ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ನನ್ನ ಗೆಳತಿಯ ಮಗಳು, ಹೆಸರು ಸ್ವಾತಿ. "ವಾರಿಜಾ ಆಂಟಿ, ಈಗ ಕೆಲಸ ಭಾರೀ ಸುಲಭ ಅಂತೆ ಅಲ್ವಾ? ಎಲ್ಲ ಎಐ ನೋಡಿಕೊಳ್ತದಂತೆ. ನಾವು ಕ್ಲಿಕ್ ಮಾಡಿದ್ರೆ ಆಯ್ತಂತೆ" ಎಂದಳು. ಹೌದು ಮಗಾ ಎಂದೆ. ಅಷ್ಟರಲ್ಲಿ ಅವಳ ಬಸ್ಸು ಬಂತು. ಬಸ್ಸು ಸ್ವಲ್ಪ ತಡವಾಗಿದ್ದರೆ ಹೇಳಬಹುದಾಗಿದ್ದ ಉಳಿದ ಭಾಗವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ತೆರಿಗೆ ನಿರೀಕ್ಷಕಿಯಾಗಿ ನಿವೃತ್ತಳಾದವಳು. ಬಂಟ್ವಾಳ, ಬೆಳ್ತಂಗಡಿ ಕಡೆಯ ಅಂಗಡಿ, ಗೋದಾಮು, ಲಾಡ್ಜುಗಳ ಮೆಟ್ಟಿಲು ಹತ್ತಿ ಇಳಿದೇ ಮೊಣಕಾಲು ಸವೆಸಿಕೊಂಡೆ. ನನ್ನ ಬಡ್ತಿ ಯಾವಾಗ ಆಗಬೇಕಿತ್ತು, ಯಾರು ತಡೆದರು ಎಂಬುದನ್ನು ಬರೆಯುವುದಿಲ್ಲ. ತಡೆದವರು ಈಗ ದಿನಾ ಬೆಳಗ್ಗೆ ನನ್ನ ಜೊತೆಗೇ ವಾಕಿಂಗ್ ಬರುತ್ತಾರೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನನ್ನು ಘಟ್ಟದ ಬುಡದ ತನಿಖಾ ಠಾಣೆಗೆ ಹಾಕಿದ್ದರು. ಅಲ್ಲಿನ ಮೇಲಧಿಕಾರಿ ಹೆಗ್ಡೆ ಸಾಹೇಬರು. ಲಾರಿ ನಿಂತ ಕೂಡಲೇ ಕಾಗದ ಕೇಳುವ ಅಭ್ಯಾಸ ಅವರಿಗಿರಲಿಲ್ಲ. ಡ್ರೈವರನನ್ನು ಕೂರಿಸಿ ಚಾ ತರಿಸುತ್ತಿದ್ದರು. ಊರು ಯಾವುದು, ಮಕ್ಕಳೆಷ್ಟು, ಅತ್ತೆಮನೆ ಎಲ್ಲಿ ಎಂದು ವಿಚಾರಿಸುತ್ತಿದ್ದರು. ಒಂದು ದಿನ ಪಶು ಆಹಾರ ಎಂದು ಬಿಲ್ಲಿದ್ದ ಲಾರಿಯ ಡ್ರೈವರ್ ಅರ್ಧ ಚಾ ಬಿಟ್ಟು ಎದ್ದ. "ಬಿಸಿ ಚಾ ಬಿಟ್ಟು ಹೋಗುವಷ್ಟು ಅವಸರ ಹಿಂಡಿಗೆ ಇರುವುದಿಲ್ಲ ವಾರಿಜಾ, ಟಾರ್ಪಾಲು ಬಿಚ್ಚಿಸು" ಎಂದರು. ಒಳಗೆ ಕಾಳುಮೆಣಸು. ನನಗೆ ಅವರು ದೇವರಂತೆ ಕಂಡರು.

ದೇವರು ಮುಂದಿನ ತಿಂಗಳೇ ಎಡವಿದರು. ಅದೇ ಬಗೆಯ ಅನುಮಾನದ ಮೇಲೆ ಇನ್ನೊಂದು ಲಾರಿಯನ್ನು ಪೂರ್ತಿ ಕೆಳಗಿಳಿಸಿದರು. ಇಳಿದದ್ದು ಕೊಪ್ಪರಿಗೆ, ಹಂಡೆ, ಸೌಟು, ಸಾವಿರಾರು ಸ್ಟೀಲ್ ಲೋಟ. ಯಾವುದೋ ದೇವಸ್ಥಾನದ ಬ್ರಹ್ಮಕಲಶದ ಅನ್ನಸಂತರ್ಪಣೆಗೆ ಹೊರಟ ಪಾತ್ರೆಗಳು. ಡ್ರೈವರ್ ಚಾ ಬಿಟ್ಟದ್ದು ಸಕ್ಕರೆ ಕಾಯಿಲೆಯಿಂದ. ಹೆಗ್ಡೆ ಸಾಹೇಬರು ಶರ್ಟಿನ ತೋಳು ಮಡಚಿ, ಒಂದು ಹಂಡೆಯನ್ನು ತಲೆಯ ಮೇಲಿಟ್ಟುಕೊಂಡು ಲಾರಿಯತ್ತ ನಡೆದರು. "ಇಳಿಸಿದವರೇ ತುಂಬಿಸಿ ಕೊಡಬೇಕು, ಬನ್ನಿ ಎಲ್ಲ" ಎಂದರು. ಮಧ್ಯಾಹ್ನದ ತನಕ ಲೋಟ ಎಣಿಸಿ ತುಂಬಿಸಿದೆವು. ಸರ್ಕಾರ ಕೊಟ್ಟ ಎಲ್ಲ ತರಬೇತಿಗಳಿಗಿಂತ ಆ ಅರ್ಧ ದಿನವೇ ನನಗೆ ಹೆಚ್ಚು ನೆನಪಿದೆ.

ಕೊನೆಕೊನೆಗೆ ತೆರಿಗೆಗಳ್ಳರನ್ನು ಗುರುತಿಸುವ ಎಐ ಯಂತ್ರ ಬಂತು. ಅದಕ್ಕೆ ಬೆಂಗಳೂರಿನಲ್ಲಿ ಒಂದು ಉದ್ದನೆಯ ಸಂಸ್ಕೃತದ ಹೆಸರಿಟ್ಟಿದ್ದರು, ಹೇಳಿ ಮುಗಿಸುವುದರೊಳಗೆ ಕರೆಂಟು ಹೋಗುತ್ತಿತ್ತು. ತರಬೇತಿಗೆ ಬಂದವರು, "ಇದು ನಿದ್ದೆ ಮಾಡೋದಿಲ್ಲ, ರಜೆ ಕೇಳೋದಿಲ್ಲ, ಊಟಕ್ಕೆ ಏಳೋದಿಲ್ಲ, ಪಕ್ಷಪಾತ ಮಾಡೋದಿಲ್ಲ" ಎಂದು ಪರದೆಯ ಮೇಲೆ ತೋರಿಸಿದರು. ನಮ್ಮ ಕಚೇರಿಯ ದೋಷಗಳನ್ನೆಲ್ಲ ಯಾರೋ ಪಟ್ಟಿ ಮಾಡಿ ಓದಿದಂತಿತ್ತು. ಆ ದಿನ ನಮಗೆಲ್ಲರಿಗೂ ಚೆನ್ನಾಗಿ ಅರ್ಥವಾದದ್ದು ಊಟದ ವ್ಯವಸ್ಥೆ ಎಲ್ಲಿ ಎಂಬುದು.

ನಮ್ಮ ಗುಮಾಸ್ತ ಶೇಸಪ್ಪಣ್ಣ ಯಂತ್ರಕ್ಕೆ 'ಹೊಸ ಅಳಿಯ' ಎಂದು ಹೆಸರಿಟ್ಟ. ಹೇಳಿದ್ದಕ್ಕೆಲ್ಲ ಹೌದು ಎನ್ನಬೇಕು, ತಪ್ಪಿದರೂ ತಪ್ಪೆನ್ನುವಂತಿಲ್ಲ, ಮುಖ ಬಾಡದಂತೆ ನೋಡಿಕೊಳ್ಳಬೇಕು. ಅಂದಿನಿಂದ ಕಚೇರಿಯಲ್ಲಿ "ಇವತ್ತು ಅಳಿಯ ಎಂತ ಹೇಳ್ತಾರೆ?" ಎಂಬುದೇ ಬೆಳಗ್ಗಿನ ಮೊದಲ ಪ್ರಶ್ನೆಯಾಯಿತು.

ಸುಮ್ಮನೆ ದೂರಬಾರದು. ಬಂದ ವಾರದಲ್ಲೇ ಅಳಿಯ ಬಂಟ್ವಾಳ ಕಡೆಯ ಒಂದು ಕಂಪೆನಿಯನ್ನು ಹಿಡಿದುಕೊಟ್ಟ. ಕಾಗದದ ಮೇಲೆ ಅದು ಲಾರಿಗಟ್ಟಲೆ ಕಬ್ಬಿಣ ಮಾರುತ್ತಿತ್ತು. ಹೋಗಿ ನೋಡಿದರೆ ಒಂದು ಬೀಗ ಹಾಕಿದ ಕೋಣೆ, ಒಳಗೆ ಹಳೆಯ ಸೈಕಲ್ಲು. ಕಬ್ಬಿಣವೆಂದರೆ ಅಷ್ಟೇ. ಹೆಗ್ಡೆ ಸಾಹೇಬರಾಗಿದ್ದರೆ ಅದಕ್ಕೆ ಎರಡು ವರ್ಷ, ಇನ್ನೂರು ಚಾ ಬೇಕಾಗುತ್ತಿತ್ತು.

ಆದರೆ ಅಳಿಯನಿಗೆ ನಮ್ಮ ಊರು ಗೊತ್ತಿರಲಿಲ್ಲ. ಮೊದಲ ವರ್ಷದ ಆಟಿ ತಿಂಗಳಿನಲ್ಲಿ, ಅಂದರೆ ತುಳುನಾಡಿನ ಆಷಾಢದಲ್ಲಿ, ಬೆಳ್ತಂಗಡಿ ಕಡೆಯ ಶಾಮಿಯಾನದವರು, ಅಡುಗೆಯವರು, ಮದುವೆಯ ಫೋಟೊ ತೆಗೆಯುವವರು ಎಲ್ಲರಿಗೂ ಕೆಂಪು ಗುರುತು ಬಿತ್ತು. 'ಏಕಕಾಲಕ್ಕೆ ವಹಿವಾಟು ಶೂನ್ಯ, ಸಂಘಟಿತ ಮರೆಮಾಚುವಿಕೆಯ ಶಂಕೆ.' ಆಟಿಯಲ್ಲಿ ನಮ್ಮಲ್ಲಿ ಮದುವೆ ಇಲ್ಲ, ಮುಹೂರ್ತ ಇಲ್ಲ. ಶಾಮಿಯಾನದವನು ಕಂಬಗಳಿಗೆ ಎಣ್ಣೆ ಹಚ್ಚಿಕೊಂಡು ಮನೆಯಲ್ಲಿರುತ್ತಾನೆ. ಇದು ಇಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು. ಕಾರಣ ಬರೆಯೋಣವೆಂದರೆ ಪಟ್ಟಿಯಿಂದ ಆಯ್ದುಕೊಳ್ಳಬೇಕು, ಪಟ್ಟಿಯಲ್ಲಿ ಆಟಿ ಇಲ್ಲ. ಇದ್ದುದರಲ್ಲಿ ಹತ್ತಿರದ್ದು ಎಂದು 'ಪ್ರಾಕೃತಿಕ ವಿಕೋಪ' ಆಯ್ದುಕೊಂಡೆ. ಎಲ್ಲ ಕೆಂಪು ಗುರುತುಗಳೂ ಹಸಿರಾದವು. ಎರಡು ತಿಂಗಳ ನಂತರ ಮೇಲಿನ ಕಚೇರಿಯಿಂದ ಪತ್ರ ಬಂತು: ಬೆಳ್ತಂಗಡಿ ತಾಲೂಕಿನ ವಿಕೋಪದಲ್ಲಿ ಆದ ಹಾನಿಯ ವಿವರ ಕಳುಹಿಸಿ. ಹಾನಿ ಇಲ್ಲ ಎಂದು ಬರೆದೆವು. ಹಾನಿಯಿಲ್ಲದ ವಿಕೋಪವನ್ನು ಸಮರ್ಥವಾಗಿ ನಿಭಾಯಿಸಿದ್ದಕ್ಕೆ ಮೆಚ್ಚುಗೆ ಬಂತು.

ಇಂಥದ್ದಕ್ಕೆ ನಗುತ್ತಾ ದಿನ ಕಳೆಯುತ್ತಿದ್ದೆವು. ನಗು ನಿಂತದ್ದು ಮರುವರ್ಷದ ಮಳೆಗಾಲದಲ್ಲಿ. ನನ್ನ ನಿವೃತ್ತಿಗೆ ಎರಡೇ ತಿಂಗಳಿತ್ತು.

ಅಳಿಯನ ಮಾತಿಗೆ ಉತ್ತರಿಸಲು ಎರಡು ಗುಂಡಿಗಳಿದ್ದವು. 'ಒಪ್ಪಿದೆ' ಎನ್ನಲು ಒಂದು ಕ್ಲಿಕ್ ಸಾಕು. 'ಒಪ್ಪುವುದಿಲ್ಲ' ಎಂದರೆ ಸ್ಥಳಕ್ಕೆ ಹೋಗಬೇಕು, ಫೋಟೊ ತೆಗೆಯಬೇಕು, ಕಾರಣ ಬರೆಯಬೇಕು, ಸಾಹೇಬರ ಸಹಿ ಬೇಕು. ಹೀಗಾಗಿ ನಮ್ಮ ಕಚೇರಿಯಲ್ಲಿ ಅಳಿಯನ ಬಗ್ಗೆ ಭಾರೀ ಒಮ್ಮತವಿತ್ತು. ನಾವು ಒಪ್ಪಿದ್ದನ್ನೆಲ್ಲ ಎಣಿಸಿ, ಅಳಿಯ ಹೇಳಿದ್ದು ಎಷ್ಟು ಸರಿಯಾಗಿರುತ್ತದೆ ನೋಡಿ ಎಂದು ಬೆಂಗಳೂರಿನಲ್ಲಿ ಹೊಗಳುತ್ತಿದ್ದರು.

ಅದೊಂದು ಶುಕ್ರವಾರ. ನನ್ನ ಪರದೆಯ ಮೇಲೆ ಹದಿನೇಳು ಪ್ರಕರಣಗಳಿದ್ದವು. ಮೂಡುಬಿದಿರೆಯ ಬಸ್ಸಿಗೆ ಹದಿನೈದು ನಿಮಿಷ ಇತ್ತು. ಒಂದರಲ್ಲಿ ಚಿತ್ರವಿತ್ತು: ಸುತ್ತ ನಲವತ್ತೊಂದು ಚುಕ್ಕೆ, ನಡುವೆ ಒಂದು ಕೆಂಪು ಚುಕ್ಕೆ, ಎಲ್ಲಕ್ಕೂ ಗೆರೆ. ನಲವತ್ತೊಂದು ವ್ಯಾಪಾರಿಗಳು, ಎಲ್ಲರದ್ದೂ ಒಂದೇ ಮೊಬೈಲ್ ನಂಬರು. ನಕಲಿ ಜಿಎಸ್‌ಟಿ ನೋಂದಣಿ ಜಾಲ, ನೋಂದಣಿಗಳನ್ನು ಕೂಡಲೇ ಅಮಾನತು ಮಾಡಬಹುದು ಎಂದಿತ್ತು ಅಳಿಯನ ಮಾತು. ಗೌಪ್ಯತೆಗೆಂದು ಹೆಸರುಗಳನ್ನು ಮುಚ್ಚಿ, ಫೋನ್ ನಂಬರನ್ನು ಮಾತ್ರ ತೆರೆದಿಟ್ಟಿದ್ದರು. ಹದಿನೇಳಕ್ಕೂ 'ಒಪ್ಪಿದೆ' ಒತ್ತಿ ಬಸ್ಸು ಹಿಡಿದೆ. ಕಿಟಕಿಯ ಪಕ್ಕ ಸೀಟೂ ಸಿಕ್ಕಿತು.

ಸೋಮವಾರ ಕಿರಣ್ ಸಾಹೇಬರು ಕರೆದರು. ಬೆಂಗಳೂರಿನ ಕಡೆಯವರು, ನನ್ನ ಮಗನ ವಯಸ್ಸು, ಒಳ್ಳೆಯ ಹುಡುಗನೇ. "ದೊಡ್ಡ ಬೇಟೆ ಮೇಡಂ! ನಲವತ್ತೊಂದು ನೋಂದಣಿ, ಎಲ್ಲಾ ಸಸ್ಪೆಂಡ್ ಆಗಿದೆ. ಮಧ್ಯದಲ್ಲಿ ಇದಾನಲ್ಲ, ಅವನೇ ಮಾಸ್ಟರ್‌ಮೈಂಡ್. ಫೋನ್ ಮಾಡಿ ಕರೆಸ್ಬಿಡಿ. ಸ್ಪೀಕರ್ ಹಾಕಿ" ಎಂದರು.

ನಂಬರನ್ನು ನೋಡಿ ಒಂದೊಂದಾಗಿ ಒತ್ತಿದೆ. ಹತ್ತನೆಯ ಅಂಕಿ ಒತ್ತುತ್ತಲೇ ನನ್ನ ಫೋನಿನಲ್ಲಿ ಹೆಸರು ಮೂಡಿತು: ಗುಲಾಬಿ ಜೆರಾಕ್ಸ್, ಮಡಂತ್ಯಾರು.

ಅತ್ತ ಕಡೆಯಿಂದ ದನಿ ಬಂತು. "ಹಲೋ ವಾರಿಜಾ ಮೇಡಂ! ನಾನೇ ನಿಮಗೆ ಫೋನ್ ಮಾಡುವ ಅಂತ ಇದ್ದೆ. ಎಂತದೋ ತೊಂದರೆ ಆಗಿದೆ ಮೇಡಂ. ಎಲ್ಲರ ರಿಜಿಸ್ಟ್ರೇಶನ್ ಬಂದ್ ಅಂತ ಮೆಸೇಜು, ನನ್ನ ಫೋನಿಗೇ ನಲ್ವತ್ತೊಂದು ಬಂದಿದೆ. ಬೆಳಗ್ಗಿನಿಂದ ಜನ ಬಂದು ಕೂತಿದ್ದಾರೆ. ನೀವು ಇದ್ದೀರಲ್ಲ, ಎಂತ ಆಗುವುದಿಲ್ಲ ಅಂತ ನಾನು ಧೈರ್ಯ ಹೇಳಿದ್ದೇನೆ."

ಆಮೇಲೆ ಮಾಡುತ್ತೇನೆ ಎಂದು ಫೋನ್ ಇಟ್ಟೆ.

ಮಡಂತ್ಯಾರು ಪೇಟೆಯಲ್ಲಿ ಗುಲಾಬಿಯದ್ದು ಒಂದು ಸಣ್ಣ ಅಂಗಡಿ. ಜೆರಾಕ್ಸ್, ಟೈಪಿಂಗ್, ಲ್ಯಾಮಿನೇಶನ್, ಅರ್ಜಿ ತುಂಬುವುದು. ಜಿಎಸ್‌ಟಿ ಬಂದ ವರ್ಷ ಅಲ್ಲೇ ಒಂದು ಸಭಾಭವನದಲ್ಲಿ ನಾವು ನೋಂದಣಿ ಶಿಬಿರ ಮಾಡಿದ್ದೆವು. ನೆರಿಯ, ಅದರಾಚೆಯ ಕಾಡಂಚಿನ ಊರುಗಳಿಂದ ರಬ್ಬರ್ ಶೀಟು ಕೊಳ್ಳುವವರು, ಸಣ್ಣ ವ್ಯಾಪಾರಿಗಳು ಬಂದಿದ್ದರು. ಕೆಲವರಲ್ಲಿ ಫೋನಿಲ್ಲ, ಫೋನಿದ್ದವರ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಒಟಿಪಿ ಬಂದು ಹತ್ತು ನಿಮಿಷದಲ್ಲಿ ಸಾಯುತ್ತದೆ, ಇವರು ಸಿಗ್ನಲ್ ಹುಡುಕಿ ಗುಡ್ಡ ಹತ್ತುವುದಕ್ಕೇ ಅರ್ಧ ಗಂಟೆ ಬೇಕು. ಸಂಜೆಯೊಳಗೆ ನಮ್ಮ ಗುರಿ ಮುಟ್ಟಬೇಕಿತ್ತು. ಆಗ ಒಬ್ಬ ಮಹಾಬುದ್ಧಿವಂತೆ ಮೈಕ್ ಹಿಡಿದು, "ನೆಟ್‌ವರ್ಕ್ ಇಲ್ಲದವರು ಗುಲಾಬಿಯ ನಂಬರ್ ಹಾಕಿ, ಒಟಿಪಿ ಅವಳಿಗೆ ಬರ್ತದೆ, ಅವಳೇ ಎಲ್ಲ ಮಾಡಿ ಕೊಡ್ತಾಳೆ" ಎಂದು ಸಾರಿದಳು. ಜನ ಚಪ್ಪಾಳೆ ತಟ್ಟಿದರು. ಗುಲಾಬಿ ನಾಚಿಕೊಂಡು ನಕ್ಕಳು. ಮೈಕ್ ಹಿಡಿದವಳು ಯಾರೆಂದು ಹೇಳಬೇಕಾಗಿಲ್ಲ. ಜಾಲ ಹೆಣೆದವಳೂ ನಾನೇ, ಜಾಲವಿದೆ ಎಂದು ಒಪ್ಪಿದವಳೂ ನಾನೇ.

ಇದನ್ನು ಕಿರಣ್ ಸಾಹೇಬರಿಗೆ ಹೇಳಿದೆ. ಅವರು ಬಾಗಿಲು ಹಾಕಿ ಬಂದರು. "ಮೇಡಂ, ನೀವೇ ಹೇಳಿದ್ದು ಅಂತ ಬರೆದ್ರೆ ಇಲಾಖಾ ವಿಚಾರಣೆ ಆಗುತ್ತೆ. ಪೆನ್ಷನ್ ನಿಲ್ಲುತ್ತೆ. ಎರಡು ತಿಂಗಳು ಅಷ್ಟೇ ಇದೆ ನಿಮಗೆ, ಸುಮ್ನಿದ್ಬಿಡಿ. ಸಿಸ್ಟಮ್ ಹೇಳ್ತು, ನಾವು ಮಾಡಿದ್ವಿ. ಆಯಮ್ಮಂಗೆ ಸಮನ್ಸ್ ಕೊಡೋಣ, ಬಂದು ಏನ್ ಹೇಳ್ತಾರೋ ಹೇಳ್ಲಿ."

ಇಲ್ಲಿ ನಾನು ಎದೆ ತಟ್ಟಿ ನಿಂತೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಾನು ಸುಮ್ಮನಿದ್ದೆ. ಎರಡು ದಿನ ಸುಮ್ಮನಿದ್ದೆ. ಗುಲಾಬಿಯ ಫೋನು ಐದು ಸಲ ಬಂತು, ಎತ್ತಲಿಲ್ಲ. ಪೆನ್ಷನ್ನಿನ ಭಯ ದೊಡ್ಡದು ಮಕ್ಕಳೇ, ಅದು ಪೆನ್ಷನ್ ಹತ್ತಿರವಾದಾಗಲೇ ತಿಳಿಯುವುದು.

ಮೂರನೆಯ ದಿನ ಸಮನ್ಸ್ ಕೊಡಲು ನನ್ನನ್ನೇ ಕಳುಹಿಸಿದರು. ಅಂಗಡಿಯ ಮುಂದೆ ಹತ್ತು ಹದಿನೈದು ಜನ ನಿಂತಿದ್ದರು. ನೆರಿಯದ ಧರ್ಣಪ್ಪ ಗೌಡರು ನನ್ನನ್ನು ಕಂಡವರೇ ಒಂದು ರಬ್ಬರ್ ಶೀಟನ್ನು ಎತ್ತಿ ತೋರಿಸಿದರು. ಅದರ ತುಂಬ ಬಿಳಿ ಬೂಸಲು. "ನೋಡಿ ಮೇಡಂ, ಲೋಡ್ ಕಳಿಸ್ಲಿಕ್ಕೆ ಬಿಲ್ಲೇ ಆಗುವುದಿಲ್ಲ. ಈ ಮಳೆಗೆ ಇನ್ನು ನಾಲ್ಕು ದಿನ ಇಟ್ರೆ ಯಾರೂ ಮುಟ್ಲಿಕ್ಕಿಲ್ಲ. ಎಂತ ತಪ್ಪು ಮಾಡಿದ್ದೇವೆ ಅಂತ ಆದ್ರೂ ಹೇಳಿ." ಹಿಂದಿನಿಂದ ಯಾರೋ, "ನಮ್ಮ ಹೆಸರಲ್ಲಿ ಈ ಹೆಂಗಸು ಎಂತ ವ್ಯವಹಾರ ಮಾಡಿದ್ದಾಳೋ" ಎಂದರು. ಅದು ಗುಲಾಬಿಗೆ ಕೇಳಿಸಿತು. ನನಗೂ ಕೇಳಿಸಿತು.

ಗುಲಾಬಿ ನನ್ನನ್ನು ಒಳಗೆ ಕೂರಿಸಿ, ಒಂದು ಹಳೆಯ ನೋಟ್‌ಪುಸ್ತಕ ತೆರೆದಳು. ನಲವತ್ತೊಂದು ಹೆಸರು, ಮನೆಯ ಗುರುತು, ಅರ್ಜಿ ಹಾಕಿದ ದಿನ, ಬಂದ ಪ್ರತಿಯೊಂದು ಒಟಿಪಿ, ಅದು ಯಾಕೆ ಬಂತು ಎಂಬ ಟಿಪ್ಪಣಿ. ನಮ್ಮ ಕಚೇರಿಯ ಯಾವ ಕಡತವೂ ಅಷ್ಟು ಚೊಕ್ಕವಾಗಿರಲಿಲ್ಲ. ನಾನು ಚೀಲದಿಂದ ಸಮನ್ಸ್ ತೆಗೆದೆ. ಅವಳು ಓದಿ ಸಹಿ ಹಾಕಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: "ನನ್ನ ನಂಬರ್ ಹಾಕ್ಲಿಕ್ಕೆ ಹೇಳಿದ್ದು ನೀವು ಅಂತ ನಾನು ಯಾರ ಹತ್ರವೂ ಹೇಳ್ಲಿಲ್ಲ ಮೇಡಂ. ಅಲ್ಲಿ ಬಂದ್ರೂ ಹೇಳುವುದಿಲ್ಲ. ನಿಮಗೆ ರಿಟೈರ್‌ಮೆಂಟ್ ಹತ್ರ ಉಂಟಲ್ಲ, ಎಂತಕ್ಕೆ ಸುಮ್ಮನೆ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಕ್ಷಣ ನನಗೆ ನನ್ನ ಮೇಲೆ ಬಂದಷ್ಟು ಹೇಸಿಗೆ ಬದುಕಿನಲ್ಲಿ ಮತ್ತೆಂದೂ ಬಂದಿಲ್ಲ. ತಲೆಯ ಮೇಲೆ ಹಂಡೆ ಹೊತ್ತ ಹೆಗ್ಡೆ ಸಾಹೇಬರು ನೆನಪಾದರು. ಅವಳ ಕೈಯಿಂದ ಸಮನ್ಸ್ ವಾಪಸು ತೆಗೆದುಕೊಂಡು ಕಚೇರಿಗೆ ಬಂದು ಬರೆಯಲು ಕೂತೆ.

ಬರೆಯುವುದೂ ಸುಲಭವಿರಲಿಲ್ಲ. ಕಾರಣಗಳ ಪಟ್ಟಿಯಲ್ಲಿ 'ಅಧಿಕಾರಿಯ ತಪ್ಪು' ಎಂಬುದೇ ಇಲ್ಲ. ಅಂಥದ್ದೊಂದು ಇರಬಹುದೆಂದು ಬೆಂಗಳೂರಿನಲ್ಲಿ ಯಾರಿಗೂ ಹೊಳೆದಿಲ್ಲ. ಪ್ರಾಕೃತಿಕ ವಿಕೋಪ ಮಾತ್ರ ಮೊದಲಿನ ಜಾಗದಲ್ಲೇ ಇತ್ತು. ಕೊನೆಗೆ 'ಇತರೆ' ಆಯ್ದು, ಒಂದು ಸಾಲು ಬರೆದು, ಉಳಿದದ್ದನ್ನು ಬಿಳಿ ಹಾಳೆಯ ಮೇಲೆ ಶಾಯಿಯಲ್ಲಿ ನಾಲ್ಕು ಪುಟ ಬರೆದೆ. ನಂಬರು ಹಾಕಲು ಹೇಳಿದ್ದು ನಾನು. ನೋಡದೆ ಒಪ್ಪಿದ್ದು ನಾನು. ಗುಲಾಬಿಯದ್ದು ಯಾವ ತಪ್ಪೂ ಇಲ್ಲ. ಸಹಿ, ಹೆಸರು, ಹುದ್ದೆ. ಕಿರಣ್ ಸಾಹೇಬರು ಓದಿ, "ಮೇಡಂ, ನಿಮಗೆ ಹುಚ್ಚು" ಎಂದರು. ಸಹಿ ಹಾಕಲಿಲ್ಲ.

ಸಹಿ ಹಾಕಿದ್ದು ನೆರಿಯದಲ್ಲಿ. 'ಒಪ್ಪುವುದಿಲ್ಲ' ಎಂದರೆ ನಲವತ್ತೊಂದು ಕಡೆಗೂ ಹೋಗಿ ಫೋಟೊ ತೆಗೆಯಬೇಕಲ್ಲ. ನಾನು ಮತ್ತು ಗುಲಾಬಿ ಹೊರಟೆವು, ಅವಳು ಅಂಗಡಿಗೆ ಬೀಗ ಹಾಕಿ ಬಂದಳು. ಒಂದು ದಿನ ಸಾಹೇಬರು ತಾವೂ ಬರುತ್ತೇನೆಂದರು. ನಮ್ಮನ್ನು ನಂಬಿಯೋ, ಅನುಮಾನಿಸಿಯೋ ಗೊತ್ತಿಲ್ಲ. ಧರ್ಣಪ್ಪ ಗೌಡರ ಅಂಗಡಿಯಲ್ಲಿ ಲಾಗಿನ್ ಆಗಲು ಸಾಹೇಬರಿಗೇ ಒಟಿಪಿ ಬೇಕಾಯಿತು.

"ಇಲ್ಲಿ ಸಿಗ್ನಲ್ ಎಲ್ಲಿ ಬರುತ್ತೆ?"

"ಅಗೋ, ಆ ಗುಡ್ಡದ ಮೇಲಿನ ಪಾದೆಕಲ್ಲಿನ ಹತ್ರ ಬರ್ತದೆ ಸರ್. ಮಳೆ ಇದ್ರೆ ಇಲ್ಲ."

ಬೂಟು ಹಾಕಿಕೊಂಡೇ ಹತ್ತಿದರು. ಒಟಿಪಿ ಬಂತು. ಕೆಳಗಿಳಿದು ಒತ್ತುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಮತ್ತೆ ಹತ್ತಿದರು. ಮೂರನೆಯ ಸಲ ಇಳಿದು ಬಂದಾಗ ಕಾಲ್ಚೀಲದೊಳಗೆ ರಕ್ತ ಹೀರುತ್ತಿದ್ದ ಎರಡು ಉಂಬಳ ಇದ್ದವು. ಗುಲಾಬಿ ಉಪ್ಪು ಹಾಕಿ ಬಿಡಿಸಿದಳು. ಸಾಹೇಬರು ಅಲ್ಲೇ ಜಗಲಿಯಲ್ಲಿ ಕೂತು ನನ್ನ ನಾಲ್ಕು ಪುಟಕ್ಕೂ ಸಹಿ ಹಾಕಿದರು. ಅವರಿಗೆ ಬೆಂಗಳೂರಿನಲ್ಲಿ ಕೊಟ್ಟ ತರಬೇತಿ ಮೂರು ದಿನದ್ದು, ಉಂಬಳದ್ದು ಮುಕ್ಕಾಲು ಗಂಟೆ.

ಮೂರು ವಾರದಲ್ಲಿ ನಲವತ್ತೊಂದೂ ಮರಳಿ ಬಂದವು. ಗೌಡರ ಶೀಟು ಮಾತ್ರ ಕೆಳಗಿನ ದರ್ಜೆಗೆ ಹೋಯಿತು, ಅದನ್ನು ಯಾರೂ ತುಂಬಿಸಿ ಕೊಡಲಿಲ್ಲ. ಇನ್ನು ಮುಂದೆ ಅವರವರ ನಂಬರನ್ನೇ ಹಾಕಬೇಕೆಂದು ಆದೇಶವಾಯಿತು. ಪಾದೆಕಲ್ಲಿಗೆ ಜನ ಹೆಚ್ಚಾದರು.

ನನ್ನ ಬೀಳ್ಕೊಡುಗೆಯ ವಾರ ಎರಡು ಕಾಗದಗಳು ಬಂದವು. ಒಂದು, ಕರ್ತವ್ಯಲೋಪಕ್ಕೆ ಕಾರಣ ಕೇಳುವ ನೋಟಿಸು. ಇನ್ನೊಂದು, ಕೃತಕ ಬುದ್ಧಿಮತ್ತೆಯನ್ನು ಬಳಸಿ ನಕಲಿ ಜಾಲವೊಂದನ್ನು ಭೇದಿಸಿದ್ದಕ್ಕಾಗಿ ಪ್ರಶಂಸಾಪತ್ರ. ನನ್ನ ಮೊದಲ ಕ್ಲಿಕ್ ಸಾಧನೆಯ ಲೆಕ್ಕಕ್ಕೆ ಹೋಗಿತ್ತು, ನಾಲ್ಕು ಪುಟ ಶಿಸ್ತಿನ ಕಡತಕ್ಕೆ ಹೋಗಿತ್ತು. ಎರಡಕ್ಕೂ ಒಬ್ಬರೇ ಸಹಿ ಮಾಡಿದ್ದರು. ಶೇಸಪ್ಪಣ್ಣ ಎರಡನ್ನೂ ಓದಿ, "ಒಟ್ಟಿಗೇ ಫ್ರೇಮ್ ಹಾಕಿಸುವ ಮೇಡಂ" ಎಂದ. ನೋಟಿಸಿನ ಗದ್ದಲದಲ್ಲಿ ಪೆನ್ಷನ್ ಏಳು ತಿಂಗಳು ತಡವಾಯಿತು. ಬಂತು ಅನ್ನುವುದೇ ಮುಖ್ಯ.

ಪೆನ್ಷನ್ ತೆಗೆದುಕೊಳ್ಳುವವರು ತಾವು ಬದುಕಿದ್ದೇವೆಂದು ಸರ್ಕಾರಕ್ಕೆ ವರ್ಷಕ್ಕೊಮ್ಮೆ ತಿಳಿಸಬೇಕು. ಮೂಡುಬಿದಿರೆಯಲ್ಲಿ ಅದನ್ನು ಮಾಡಿಕೊಡುವ ಅಂಗಡಿಗಳು ಬೇಕಾದಷ್ಟಿವೆ. ಆದರೂ ಎರಡು ಬಸ್ಸು ಬದಲಿಸಿ ಗುಲಾಬಿಯ ಹತ್ತಿರ ಹೋದೆ. ಚಾ ತರಿಸಿದಳು, ಮಗನ ಸುದ್ದಿ ಕೇಳಿದಳು, ಅರ್ಜಿ ತೆರೆದು, "ನಂಬರ್ ಹೇಳಿ ಮೇಡಂ" ಎಂದಳು. ಫೋನನ್ನು ಮನೆಯಲ್ಲೇ ಚಾರ್ಜಿಗಿಟ್ಟು ಬಂದಿದ್ದೆ. "ಅಯ್ಯೋ, ನಿನ್ನದೇ ಹಾಕು ಮಾರಾಯ್ತಿ" ಎಂದುಬಿಟ್ಟೆ.

ಗುಲಾಬಿಯ ಕೈ ಕೀಲಿಗಳ ಮೇಲೆ ನಿಂತಿತು. "ಅದೊಂದು ಬೇಡ ಮೇಡಂ. ನನ್ನ ನಂಬರ್ ನಾನು ಈಗ ಯಾರಿಗೂ ಹಾಕುವುದಿಲ್ಲ. ನಾಳೆ ಫೋನ್ ಹಿಡ್ಕೊಂಡು ಬನ್ನಿ, ಮೊದಲು ನಿಮ್ಮದೇ ಮಾಡಿ ಕೊಡ್ತೇನೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಹೊರಗೆ ಬಂದು ನೋಡಿದರೆ ಅಂಗಡಿಯ ಬೋರ್ಡಿನಲ್ಲಿ ನಂಬರಿದ್ದ ಜಾಗಕ್ಕೆ ಬಣ್ಣ ಬಳಿದಿದ್ದಳು.

ಮರುದಿನ ಫೋನ್ ಹಿಡಿದುಕೊಂಡು ಹೋದೆ. ನನ್ನ ಮುಂದೆ ಒಬ್ಬ ಅಜ್ಜ ನಿಂತಿದ್ದರು. ಕಾಡಂಚಿನ ಊರಿನವರು, ಅರ್ಜಿಯೊಂದನ್ನು ಮಡಚಿ ಮಡಚಿ ಹಿಡಿದಿದ್ದರು. ಗುಲಾಬಿ ಅವರಿಗೂ ಅದೇ ಮಾತನ್ನು ಅಷ್ಟೇ ಮೆತ್ತಗೆ ಹೇಳಿದಳು. ಅಜ್ಜ ಹಿಂದಿರುಗಿ ನನ್ನ ಕೈಯಲ್ಲಿದ್ದ ಫೋನನ್ನು ನೋಡಿದರು.

"ಅಮ್ಮಾ, ನಿಮ್ಮಲ್ಲಿ ಫೋನು ಉಂಟಲ್ಲ. ಒಂದು ಸಲಕ್ಕೆ ನಿಮ್ಮ ನಂಬರ್ ಹಾಕ್ಲಿಕ್ಕೆ ಆಗ್ತದಾ?"

ಗುಲಾಬಿ ನನ್ನನ್ನೇ ನೋಡುತ್ತಿದ್ದಳು. ನಾನು ಹತ್ತು ಅಂಕಿಗಳನ್ನು ನಿಧಾನವಾಗಿ ಹೇಳಿದೆ. ಅವಳು ಒತ್ತಿದಳು.

ಈಗ ವಾರದಲ್ಲಿ ಎರಡು ದಿನ ನಾನು ಗುಲಾಬಿಯ ಅಂಗಡಿಯಲ್ಲಿ ಕೂರುತ್ತೇನೆ. ಹನ್ನೊಂದು ಜನರ ಅರ್ಜಿಗಳಲ್ಲಿ ನನ್ನ ನಂಬರು ಉಂಟು, ಅವಳ ಹಳೆಯ ನೋಟ್‌ಪುಸ್ತಕದಲ್ಲೇ ಎಲ್ಲವನ್ನೂ ಬರೆದಿಡುತ್ತೇನೆ. ಸ್ವಾತಿ, ಯಾವುದೋ ಒಂದು ಶುಕ್ರವಾರ ನಿನ್ನ ಪರದೆಯ ಮೇಲೆ ಸುತ್ತ ಚುಕ್ಕೆಗಳೂ ನಡುವೆ ಕೆಂಪು ಚುಕ್ಕೆಯೂ ಬರುತ್ತದೆ, ನಿನಗೂ ಬಸ್ಸಿಗೆ ಹೊತ್ತಾಗಿರುತ್ತದೆ. ಒತ್ತುವ ಮೊದಲು ಆ ನಂಬರಿಗೆ ಒಮ್ಮೆ ಫೋನ್ ಮಾಡು ಮಗಾ. ನಾನೇ ಎತ್ತುತ್ತೇನೆ.